ನೀಲಿ ದೀಪದ ಪಕ್ಕದ ಹಂದರ

ಮೊನ್ನೆ ಜಮಖಂಡಿಯ ಬಸ್ ನಿಲ್ದಾಣದ ಹತ್ತಿರದ ಒಂದು ಖಾನಾವಳಿಯಲ್ಲಿ ಊಟಕ್ಕೆ ಕುಳಿತಿದ್ದೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಎಲ್ಲ ತಾಟಿಗೆ ಬಂದಾಗಿತ್ತು. ಮೊದಲ ತುತ್ತು ಮುರಿಯುವಷ್ಟರಲ್ಲಿ ತಲೆಯ ಮೇಲೆ ಎಲ್ಲೋ ‘ಚಟ್’ ಎಂದಿತು. ಹಿಂದೆಯೇ ಕೂದಲು ಸುಟ್ಟಂಥ ವಾಸನೆ ಇಳಿದು ಬಂತು. ಕತ್ತೆತ್ತಿ ನೋಡಿದರೆ ಗೋಡೆಯ ಮೇಲೆ ನೀಲಿ ಬೆಳಕಿನ ಪೆಟ್ಟಿಗೆ. ಅದರ ಜಾಳಿಗೆಗೆ ಅಂಟಿಕೊಂಡು ಏನೋ ಒಂದು ಇನ್ನೂ ಹೊಗೆಯಾಡುತ್ತಿತ್ತು.

ತಾಟು ಸರಿಸಿ ಎದ್ದೆ. ಬಡಿಸುತ್ತಿದ್ದ ಹೆಂಗಸು ಗಾಬರಿಯಾಗಿ, “ಯಾಕ್ರಿ ಅಕ್ಕಾರ, ಪಲ್ಯಾ ಖಾರ ಆಗೇತೇನ್ರಿ?” ಎಂದು ಕೇಳಿದಳು. ಏನಿಲ್ಲ ಎಂದು ಕೈತೊಳೆದು ಹೊರಗೆ ಬಂದೆ. ಅವಳಿಗೆ ಏನಂತ ಹೇಳಲಿ? ಆ ವಾಸನೆ ಮೂಗಿಗೆ ಬಡಿದರೆ ನನಗೆ ಹುಳ ಸತ್ತದ್ದು ನೆನಪಾಗುವುದಿಲ್ಲ. ಒಬ್ಬ ಹೆಂಗಸಿನ ಎರಡು ಕೈ ನೆನಪಾಗುತ್ತವೆ...

ನಾನು ಬೀಳಗಿಯವಳು. ಮದುವೆಯಾದ ಹೊಸತರಲ್ಲಿ ನನ್ನ ಗಂಡನಿಗೆ ಬನಹಟ್ಟಿಯ ಬ್ಯಾಂಕಿನಲ್ಲಿ ನೌಕರಿ, ನನಗೆ ಹಿಪ್ಪರಗಿ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ. ಶಾಲೆಗೆ ಸಮೀಪವಾಗಲಿ ಎಂದು ಅದೇ ಹಳ್ಳಿಯಲ್ಲಿ, ರಬಕವಿಗೆ ಹೋಗುವ ರಸ್ತೆಯ ಅಂಚಿಗೆ ಬಾಡಿಗೆ ಮನೆ ಹಿಡಿದೆವು. ನಮ್ಮ ಬಾಜೂ ಮನೆಯವಳೇ ದೊಡ್ಡವ್ವ. ನನಗೆ ರಕ್ತಸಂಬಂಧವೇನೂ ಅಲ್ಲ. ಆ ಓಣಿಯಲ್ಲಿ ಸಣ್ಣವರು ದೊಡ್ಡವರು ಎಲ್ಲರೂ ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ.

ಎತ್ತರದ ಆಳು. ಹಣೆಯ ತುಂಬ ಕುಂಕುಮ. ಮಾತೆಲ್ಲ ಗಟ್ಟಿದನಿಯಲ್ಲಿ. ಆಕೆಯ ಗಂಡ, ನಮಗೆಲ್ಲ ದೊಡ್ಡಪ್ಪ, ರಬಕವಿಯಲ್ಲಿ ಪವರ್‌ಲೂಮಿನ ಮೇಲೆ ಕೆಲಸ ಮಾಡಿ ಮಾಡಿ ಕಿವಿ ಮಂದ ಮಾಡಿಕೊಂಡಿದ್ದ. ಅವನಿಗೆ ಕೇಳಲಿ ಎಂದು ಕೂಗಿ ಮಾತಾಡಿ ರೂಢಿಯಾಗಿ, ದೊಡ್ಡವ್ವ ಗುಟ್ಟು ಹೇಳಿದರೂ ರಸ್ತೆಯ ತನಕ ಕೇಳುತ್ತಿತ್ತು. ಮನೆಯೊಳಗೆ ಜಗಳವಾಡುತ್ತಿದ್ದಾರೆ ಎಂದು ಮೊದಮೊದಲು ನಾನು ಹೆದರಿದ್ದುಂಟು. ಹೋಗಿ ನೋಡಿದರೆ ಗಂಡಹೆಂಡಿರಿಬ್ಬರೂ ಚಹಾಕ್ಕೆ ಬೆಲ್ಲ ಹಾಕಬೇಕೋ ಸಕ್ಕರೆ ಹಾಕಬೇಕೋ ಎಂದು ಮಾತಾಡುತ್ತಿದ್ದರು.

ಅವರಿಗೆ ಮಕ್ಕಳಿರಲಿಲ್ಲ. ಮನೆಯ ಹಿಂದೆ ಒಂದು ತುಂಡು ಹೊಲವಿತ್ತು, ಅದೂ ಹಿತ್ತಲೆಂದರೆ ಹಿತ್ತಲು, ಹೊಲವೆಂದರೆ ಹೊಲ ಅನ್ನುವಂಥದ್ದು. ಸುತ್ತಲೂ ಕಣ್ಣು ಹಾಯುವಷ್ಟು ದೂರ ಕಬ್ಬು. ಕಬ್ಬಿನ ನಡುವೆ ಅದೊಂದೇ ದೊಡ್ಡವ್ವನ ಹಂದರ. ಆ ಹಂದರದ ಮೇಲೆ ಹಾಲಗುಂಬಳ, ಪಡವಲ, ಹೀರೆ. ಬೆಂಗಳೂರಿನವರು ಸೋರೆಕಾಯಿ ಎನ್ನುವುದಕ್ಕೆ ನಮ್ಮ ಕಡೆ ಹಾಲಗುಂಬಳ ಎನ್ನುತ್ತಾರೆ. ಹಂದರದ ಕೆಳಗೆ ಬಗ್ಗಿಯೇ ಹೋಗಬೇಕು, ಇಲ್ಲದಿದ್ದರೆ ಕಾಯಿ ತಲೆಗೆ ಬಡಿಯುತ್ತಿದ್ದವು. ಅಷ್ಟು ಕಾಯಿ.

ದೊಡ್ಡವ್ವನ ಕೈಗುಣ ಊರಿಗೆಲ್ಲ ಗೊತ್ತಿತ್ತು. ಆಕೆ ನೆಟ್ಟಿದ್ದು ಹತ್ತದೆ ಇರಲಿಲ್ಲ, ಹತ್ತಿದ್ದು ಕಾಯಿ ಬಿಡದೆ ಇರಲಿಲ್ಲ. ಬಿತ್ತನೆಯ ಹೊತ್ತಿಗೆ ಹೆಂಗಸರು ಬೀಜ ಬೇಡಲು ಬರುತ್ತಿದ್ದರು. ಬೀಜ ಅಂಗಡಿಯಲ್ಲಿ ಸಿಗುವುದಿಲ್ಲವೇ? ಸಿಗುತ್ತದೆ. ಅವರಿಗೆ ಬೇಕಾದದ್ದು ಆಕೆಯ ಕೈಯಿಂದ ಬಂದ ಬೀಜ. ಹೊಸ ಸೊಸೆ ಬಂದ ಮನೆಯವರು ಮೊದಲ ಬಳ್ಳಿಯನ್ನು ಆಕೆಯಿಂದಲೇ ಹಚ್ಚಿಸುತ್ತಿದ್ದರು.

ಮಕ್ಕಳಿಲ್ಲದ ಹೆಂಗಸನ್ನು ಕುಬಸದ, ಅಂದರೆ ಸೀಮಂತದ, ಮನೆಯಲ್ಲಿ ಮುಂದೆ ಕರೆಯದ ಊರು ಅದು. ಬಸುರಿಗೆ ಉಡಿ ತುಂಬುವ ಹೊತ್ತಿಗೆ ಅಂಥವರು ತಾವಾಗಿಯೇ ಅಡುಗೆಮನೆ ಸೇರಬೇಕು, ಯಾರೂ ಹೇಳಿಸಿಕೊಳ್ಳುವುದಿಲ್ಲ. ಆದರೆ ದೊಡ್ಡವ್ವನಿಗೆ ಮಾತ್ರ ಆ ಕಟ್ಟಳೆ ಇರಲಿಲ್ಲ. ಬರೀ ಇರಲಿಲ್ಲ ಎಂದರೆ ಸಾಲದು, ಮೊದಲ ಉಡಿ ಆಕೆಯದೇ ಆಗಬೇಕಿತ್ತು. “ಆಕಿ ಕೈ ಹತ್ತಿದ್ರ ಕಾಯಿ ನಿಲ್ತೈತಿ” ಎಂದು ಮುದುಕಿಯರೇ ಹೇಳುತ್ತಿದ್ದರು. ಊರು ಆಕೆಗೆ ಕೊಟ್ಟ ಮರ್ಯಾದೆಯೆಲ್ಲ ಆ ಹಂದರದಿಂದ ತೂಗುತ್ತಿತ್ತು. ಅದು ಎಂಥ ತೆಳುವಾದ ಬಳ್ಳಿ ಎಂದು ಆಗ ಆಕೆಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ನಾನು ಬಸುರಿಯಾದಾಗ ಬೀಳಗಿಯಿಂದ ಬಂದ ನನ್ನ ಅವ್ವ ಸ್ವಲ್ಪ ಹಿಂದುಮುಂದು ನೋಡಿದಳು. ನಾನೇ ಹಟ ಹಿಡಿದು ದೊಡ್ಡವ್ವನಿಂದ ಉಡಿ ತುಂಬಿಸಿಕೊಂಡೆ. ಆಕೆಯ ಅಂಗೈ ಒರಟು, ಬಳ್ಳಿಯ ರಸ ಹತ್ತಿ ಹತ್ತಿ ಬೆರಳ ಸಂದಿಗಳು ಕಪ್ಪಾಗಿದ್ದವು. ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ ಎಲ್ಲ ಉಡಿಗೆ ಹಾಕಿ, ಕೊನೆಗೆ ಎರಡೂ ಕೈ ನನ್ನ ಹೊಟ್ಟೆಯ ಮೇಲೆ ಒಂದು ಗಳಿಗೆ ಇಟ್ಟಳು. ಅಷ್ಟು ಗಟ್ಟಿಯಾಗಿ ಮಾತಾಡುವ ಹೆಂಗಸು ಆವಾಗ ಒಂದು ಮಾತೂ ಆಡಲಿಲ್ಲ.

ಸಂಜೆ ಶಾಲೆಯಿಂದ ಬಂದು ನಾನು ಚಹಾದ ಕಪ್ಪು ಹಿಡಿದು ಆ ಹಂದರದ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಹಾಲಗುಂಬಳದ ಹೂವು ಹೊತ್ತು ಮುಳುಗುವಾಗ ಅರಳುತ್ತದೆ. ಬೆಳ್ಳಗೆ, ತೆಳ್ಳಗೆ, ಮಡಿಕೆ ಬಿಚ್ಚಿದ ಮಲ್ಲು ಅರಿವೆಯ ಹಾಗೆ. ಮಾರನೆಯ ದಿನ ಬಿಸಿಲೇರುವುದರೊಳಗೆ ಬಾಡಿಹೋಗುತ್ತದೆ. ಮಬ್ಬುಗತ್ತಲಾಗುತ್ತಿದ್ದಂತೆ ದೊಡ್ಡ ದೊಡ್ಡ ಪತಂಗಗಳು ಬರುತ್ತಿದ್ದವು. ಹೂವಿನ ಮೇಲೆ ಕೂರದೆ ಗಾಳಿಯಲ್ಲೇ ನಿಂತು, ಉದ್ದನೆಯ ನಾಲಿಗೆ ಒಳಗಿಳಿಸಿ ಮಕರಂದ ಹೀರಿ ಇನ್ನೊಂದು ಹೂವಿಗೆ ಹಾರುತ್ತಿದ್ದವು. ದೊಡ್ಡವ್ವ ಅವನ್ನು ‘ಸಂಜೀ ಹುಳ’ ಎನ್ನುತ್ತಿದ್ದಳು. “ಬಂದ್ವು ನೋಡ ತಂಗಿ, ನಮ್ಮ ಬೀಗರು,” ಎಂದು ನಗುತ್ತಿದ್ದಳು. ಹಂದರದ ಮೇಲೆ ಸಣ್ಣ ಬಾವಲಿಗಳು ಸುತ್ತು ಹಾಕುತ್ತಿದ್ದವು. ನಮ್ಮ ಗೋಡೆಯ ಬಲ್ಬಿನ ಹತ್ತಿರ ಹಲ್ಲಿಗಳು ಕಾದು ಕೂತಿರುತ್ತಿದ್ದವು...

ನನ್ನ ಮಗಳು ನಡೆಯಲು ಕಲಿಯುವ ಹೊತ್ತಿಗೆ ದೊಡ್ಡವ್ವನ ಮನೆಯ ಆಚೆ ಬದಿಯ ಖಾಲಿ ಜಾಗದಲ್ಲಿ ಒಂದು ಫ್ಯಾಮಿಲಿ ರೆಸ್ಟೋರೆಂಟ್ ಬಂತು. ಮಾಲೀಕ ಬೇರೆ ಊರಿನವನು. ಹುಲ್ಲು ಹಾಸು, ಮಕ್ಕಳಿಗೆ ಜೋಕಾಲಿ, ಗಿಡಗಳ ನಡುವೆ ಮೇಜು ಕುರ್ಚಿ. ಹೊಳೆಗೆ ಕಟ್ಟಿದ ಹಿಪ್ಪರಗಿ ಬ್ಯಾರೇಜ್ ನೋಡಿಕೊಂಡು ಬರುವವರು, ಬನಹಟ್ಟಿಯಿಂದ, ಜಮಖಂಡಿಯಿಂದ ಕಾರಿನಲ್ಲಿ ಬರುವವರು ಸಂಜೆಯಾದರೆ ತುಂಬಿಕೊಳ್ಳುತ್ತಿದ್ದರು. ಆದರೆ ಹೊಳೆ ಹತ್ತಿರ, ಸುತ್ತ ಕಬ್ಬಿಗೆ ಹರಿಸಿದ ನೀರು. ಸೊಳ್ಳೆ ಎಂದರೆ ಅಂಥಿಂಥ ಸೊಳ್ಳೆಯಲ್ಲ. ಗಿರಾಕಿಗಳು ರೊಟ್ಟಿ ತಿನ್ನುವುದಕ್ಕಿಂತ ಕಾಲು ಬಡಿದುಕೊಳ್ಳುವುದೇ ಹೆಚ್ಚಾಯಿತು. ಮಾಲೀಕ ಹೋಗಿ ನೀಲಿ ದೀಪದ ಪೆಟ್ಟಿಗೆಗಳನ್ನು ತಂದು ಬೇಲಿಯ ಉದ್ದಕ್ಕೂ ಸಾಲಾಗಿ ತೂಗುಹಾಕಿದ. ಬೇಲಿಯ ಈಚೆ ದೊಡ್ಡವ್ವನ ಹಂದರ.

ಅವನು ಕೆಟ್ಟ ಮನುಷ್ಯನೇನಲ್ಲ. ಪೆಟ್ಟಿಗೆ ಹಾಕಿಸಿದ ದಿನ ಓಣಿಯವರನ್ನೆಲ್ಲ ಕರೆದು ಚಹಾ ಕೊಟ್ಟು ತೋರಿಸಿದ. “ಈ ಬೆಳಕ ಐತೆಲ್ರಿ, ಇದು ಕರೀತೈತಿ. ಒಳಗಿನ ಜಾಳಿಗಿ ಕೊಲ್ತೈತಿ. ಔಷಧ ಇಲ್ಲ, ಹೊಗಿ ಇಲ್ಲ, ಕಟಕಟಿ ಇಲ್ಲ,” ಎಂದ. ಅಷ್ಟರಲ್ಲಿ ಒಂದು ಹುಳ ಹೋಗಿ ಬಡಿಯಿತು. ‘ಚಟ್’. ಮಕ್ಕಳು ಕೈಚಪ್ಪಾಳೆ ಹೊಡೆದರು. ದೊಡ್ಡವ್ವನೂ ಎಲ್ಲರ ಜೊತೆ ನಕ್ಕಳು.

ಅವನು ಹೇಳಿದ್ದು ಸುಳ್ಳಲ್ಲ. ಆ ಕೊಳವೆ ದೀಪದಿಂದ ಬರುವ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ಒಂದು ಪಾಲು ಇದೆ, ನೇರಳೆಗಿಂತ ಆಚೆಯದು. ಕತ್ತಲಲ್ಲಿ ಹಾರುವ ಹುಳಗಳಿಗೆ ಅದು ಚೆನ್ನಾಗಿ ಕಾಣುತ್ತದೆ, ಎಳೆಯುತ್ತದೆ. ದೀಪದ ಸುತ್ತ ಎರಡು ತಂತಿ ಜಾಳಿಗೆ, ನಡುವೆ ಕಿರಿದಾದ ಸಂದು. ಎರಡರ ನಡುವೆ ಭಾರಿ ವೋಲ್ಟೇಜು. ಹುಳ ಎರಡೂ ತಂತಿಗೆ ತಾಗಿದ ಕ್ಷಣ ಅದರ ಮೈಯೇ ಕರೆಂಟು ಹರಿಯುವ ದಾರಿಯಾಗುತ್ತದೆ. ಮೈಯೊಳಗಿನ ನೀರು ಕುದಿದು ಒಡೆಯುತ್ತದೆ. ಆ ಸಪ್ಪಳವೇ ‘ಚಟ್’. ಒಡೆದ ಚೂರು ಗಾಳಿಯಲ್ಲಿ ಸಿಡಿದು ಕೆಳಗಿನ ತಾಟಿಗೂ ಬೀಳಬಹುದು ಎಂಬುದನ್ನು ಅವನು ಹೇಳಲಿಲ್ಲ. ಪ್ರಾಯಶಃ ಅವನಿಗೂ ಗೊತ್ತಿರಲಿಲ್ಲ.

ಮುಂದಿನ ಹಂಗಾಮಿನಲ್ಲಿ ಬಳ್ಳಿ ಎಂದಿನಂತೆ ಹಬ್ಬಿತು. ಎಂದಿನಂತೆ ಹೂ ಬಿಟ್ಟಿತು. ಹೂವಿನ ಹಿಂದೆ ಹೆಬ್ಬೆರಳಿನಷ್ಟು ಹಸಿರು ಮಿಡಿ. ಆದರೆ ಆ ಮಿಡಿ ಬೆಳೆಯಲಿಲ್ಲ. ಹಳದಿಯಾಗಿ, ಮೆತ್ತಗಾಗಿ, ಬೆರಳು ತಾಗಿದರೆ ಕಳಚಿ ಬೀಳುತ್ತಿತ್ತು. ದೊಡ್ಡವ್ವ ಗೊಬ್ಬರ ಹಾಕಿದಳು, ಬೂದಿ ಉದುರಿಸಿದಳು, ಹುಳಿ ಮಜ್ಜಿಗೆ ಚಿಮುಕಿಸಿದಳು. ಯಾರದೋ ಕಣ್ಣು ತಾಗಿದೆ ಎಂದು ಹಂದರದ ಗೂಟಕ್ಕೆ ಹಳೆಯ ಚಪ್ಪಲಿ ಕಟ್ಟಿದಳು. ಹೀರೆ ಅಷ್ಟಿಷ್ಟು ಕಾಯಿ ಹಿಡಿಯಿತು. ಹಾಲಗುಂಬಳ, ಪಡವಲ ಮಾತ್ರ ಹೂ ಬಿಡುವುದು, ಉದುರಿಸುವುದು. ಮೊದಲು ಬಗ್ಗಿ ನಡೆಯುತ್ತಿದ್ದ ಹಂದರದ ಕೆಳಗೆ ಈಗ ನೆಟ್ಟಗೆ ನಿಂತು ಓಡಾಡಬಹುದಾಗಿತ್ತು.

ಆಗಲೂ ದೊಡ್ಡವ್ವ ನಗುತ್ತಲೇ ಇದ್ದಳು. “ಒಂದ್ ವರ್ಷ ಹಿಂಗ, ಒಂದ್ ವರ್ಷ ಹಂಗ. ಬಳ್ಳಿಗೂ ಬ್ಯಾಸರ ಬರ್ತೈತಿ ತಂಗಿ,” ಎನ್ನುತ್ತಿದ್ದಳು. ಆದರೆ ಅದೇ ವರ್ಷ ಆಕೆ ಬೀಜ ಕೊಟ್ಟ ಒಂದೆರಡು ಮನೆಗಳಲ್ಲಿಯೂ ಬಳ್ಳಿ ಕಾಯಿ ಹಿಡಿಯಲಿಲ್ಲ. ಅವೆಲ್ಲ ಅದೇ ಓಣಿಯ, ಅದೇ ಬೇಲಿಗೆ ಹತ್ತಿದ ಮನೆಗಳು. ಊರಿನ ಆಚೆ ತುದಿಯಲ್ಲಿ ಆಕೆಯದೇ ಬೀಜದ ಬಳ್ಳಿ ಚೆನ್ನಾಗಿ ಬೆಳೆದಿತ್ತು. ಅದನ್ನು ಯಾರೂ ಎತ್ತಿ ಆಡಲಿಲ್ಲ. ಕೆಟ್ಟದ್ದರ ಸುದ್ದಿಗೆ ಇರುವ ಕಾಲು ಒಳ್ಳೆಯದರ ಸುದ್ದಿಗೆ ಎಲ್ಲಿರುತ್ತದೆ? ನಳದ ಕಟ್ಟೆಯ ಹತ್ತಿರ ಮಾತು ಶುರುವಾಯಿತು. ಆಕಿ ಕೈ ಕೆಟ್ಟೈತಿ. ಮೊದಲೇ ಬಂಜಿ. ಇಷ್ಟ್ ದಿನ ಹ್ಯಾಂಗ್ ನಡದಿತ್ತೋ ಏನೋ...

ಇಂಥ ಹೊತ್ತಿನಲ್ಲಿ ಊರಿನ ದೊಡ್ಡ ಮನೆಯಲ್ಲಿ ಸೊಸೆಗೆ ಕುಬಸ ಇಟ್ಟುಕೊಂಡರು. ಆ ಮನೆಯ ಹಿರಿಸೊಸೆಯ ಮೊದಲ ಉಡಿಯನ್ನೂ ದೊಡ್ಡವ್ವನೇ ತುಂಬಿದ್ದಳು. ಈ ಸಲ ಕರೆಯಲು ಯಾರೂ ಬಂದಿರಲಿಲ್ಲ. “ಮನಿಯವರಿದ್ಹಂಗ ಅದೀವಿ, ನಮಗೇನ್ ಕರಿಯೂದು,” ಎಂದು ಆಕೆಯೇ ತಾಟು ಸಿದ್ಧಮಾಡಿಕೊಂಡಳು. ರಬಕವಿಯಿಂದ ತರಿಸಿದ ಹಸಿರು ಸೀರೆ, ಖಣ, ಹಸಿರು ಬಳೆ. ನಾನೂ ಜೊತೆಗೆ ಹೋದೆ.

ಪಡಸಾಲೆಯ ತುಂಬ ಹೆಂಗಸರು. ಬಸುರಿ ಹುಡುಗಿ ಮಣೆಯ ಮೇಲೆ ಕೂತಿದ್ದಳು. ದೊಡ್ಡವ್ವ ಹೊಸ್ತಿಲು ದಾಟುತ್ತಿದ್ದಂತೆ ಹಾಡುತ್ತಿದ್ದವರ ದನಿ ಸಣ್ಣದಾಯಿತು. ಆ ಮನೆಯ ಯಜಮಾನತಿ ಎದ್ದು ಬಂದಳು, ಬಹಳ ಮರ್ಯಾದೆಯಿಂದಲೇ ಬಂದಳು. ದೊಡ್ಡವ್ವನ ಕೈಯಿಂದ ತಾಟು ತೆಗೆದುಕೊಂಡು ಇನ್ನೊಬ್ಬಳ ಕೈಗೆ ಕೊಟ್ಟಳು.

“ನೀ ಒಳಗ ಕುಂದರಬೇ. ಕಾಲ್ ನೋವ ಐತಿ ನಿಂಗ. ಯಾಕ್ ಸುಮ್ನ ನಿಂದರ್ತಿ?”

ದೊಡ್ಡವ್ವನಿಗೆ ಕಾಲುನೋವು ಇರಲಿಲ್ಲ. ಹಂದರದ ಗೂಟ ತಾನೇ ಹೂಳುವ ಹೆಂಗಸು ಅವಳು. ತಾಟು ಹೋದ ಮೇಲೂ ಆಕೆಯ ಎರಡು ಕೈ ಹಾಗೆಯೇ ಒಂದು ಗಳಿಗೆ ಗಾಳಿಯಲ್ಲಿ ಉಳಿದವು. ಆಮೇಲೆ ಅವನ್ನು ಸೆರಗಿನೊಳಗೆ ಸೇರಿಸಿಕೊಂಡಳು. “ಹೌದವಾ, ಕಾಲ್ ಭಾಳ ನೋಯ್ತಾವ,” ಎಂದಳು. ಮೊದಲ ಬಾರಿ ಆಕೆಯ ದನಿ ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳಲಿಲ್ಲ. ಒಳಗೆ ಹೋಗಿ ಅಡುಗೆಮನೆಯ ಗೋಡೆಗೆ ಒರಗಿ ಕೂತಳು. ಪಡಸಾಲೆಯಲ್ಲಿ ಹಾಡು ಮತ್ತೆ ಏರಿತು.

ದಾರಿಯಲ್ಲಿ ನಾನು ಸಿಟ್ಟಿನಿಂದ ಏನೇನೋ ಅಂದೆ. ಆಕೆ ಕೇಳಿಸಿಕೊಂಡು, “ಬಿಡ ತಂಗಿ. ಅವರ ಮನಿ, ಅವರ ಕೂಸು. ಅಂಜಿಕಿ ಇರ್ತೈತಿ,” ಎಂದಳು.

ಆಮೇಲೆ ಬೇಸಿಗೆಯಲ್ಲಿ ಟೀಸಿ ಸುಟ್ಟಿತು. ಕಬ್ಬಿಗೆ ಪಂಪು ಹಚ್ಚಿ ಹಚ್ಚಿ ಟ್ರಾನ್ಸ್‌ಫಾರ್ಮರ್ ಸುಡುವುದು ನಮ್ಮ ಕಡೆ ಹೊಸದಲ್ಲ. ಬೇರೆಯದು ಬರುವ ತನಕ ಓಣಿಗೆಲ್ಲ ಕತ್ತಲು. ರೆಸ್ಟೋರೆಂಟಿನವನು ತೋಟದ ಕಡೆಯ ಮೇಜುಗಳನ್ನು ಎತ್ತಿಟ್ಟು ಒಳಗಷ್ಟೇ ಜನರೇಟರ್ ಹಚ್ಚಿ ನಡೆಸಿದ. ಬೇಲಿಯ ನೀಲಿ ದೀಪಗಳು ಸುಮ್ಮನೆ ತೂಗುತ್ತಿದ್ದವು. ಆ ಬೇಸಿಗೆಯ ಬಳ್ಳಿ ಹೂವಿಗೆ ಬಂದಿತ್ತು. ಟೀಸಿ ಬಂದು ದೀಪ ಹತ್ತಿದ ಮೇಲೆ ಕೆಲವು ದಿನಕ್ಕೆ ದೊಡ್ಡವ್ವ ನನ್ನನ್ನು ಕೂಗಿದಳು, ಹಳೆಯ ದನಿಯಲ್ಲಿ, ರಸ್ತೆಗೆಲ್ಲ ಕೇಳುವ ಹಾಗೆ. ಹೋಗಿ ನೋಡಿದರೆ ಹಂದರದಲ್ಲಿ ಅಲ್ಲಲ್ಲಿ ಮಿಡಿ ನಿಂತಿದ್ದವು. ಹಳದಿಯಾಗದೆ, ಮೈಮೇಲೆ ಬಿಳಿ ನವಿರು ತುಂಬಿಕೊಂಡು, ದಿನದಿನಕ್ಕೆ ಉದ್ದವಾಗುತ್ತಿದ್ದವು. ದೀಪ ಹತ್ತಿದ ಮೇಲೆ ಅರಳಿದ ಹೂವಿನ ಮಿಡಿಗಳು ಮತ್ತೆ ಹಳದಿ.

ನನಗೆ ಅಲ್ಲಿಯ ತನಕ ಹೊಳೆದಿರದ ಸಂಗತಿ ಆಗ ಹೊಳೆಯಿತು. ಸಂಜೀ ಹುಳ ನಾನು ಕಂಡು ಎಷ್ಟು ದಿನವಾಯಿತು? ಬಾವಲಿ? ಮೊದಮೊದಲು ಹಲ್ಲಿಗಳು ಹಬ್ಬ ಎಂದುಕೊಂಡು ಆ ಪೆಟ್ಟಿಗೆಗಳ ಹತ್ತಿರ ನೆರೆದಿದ್ದವು. ಒಂದು ಹಲ್ಲಿ ಹುಳದ ಹಿಂದೆ ನಾಲಿಗೆ ಚಾಚಿ ಜಾಳಿಗೆಯ ಮೇಲೆಯೇ ಕರಕಾಗಿ ಅಂಟಿದ್ದನ್ನು ನಾನೇ ನೋಡಿದ್ದೆ. ಆಮೇಲೆ ಹಲ್ಲಿಗಳೂ ಕಡಿಮೆಯಾದವು. ಇದನ್ನೆಲ್ಲ ಒಂದಕ್ಕೊಂದು ಕೂಡಿಸಿ ನೋಡಿರಲಿಲ್ಲ, ಅಷ್ಟೇ. ಸಂಜೆ ಅರಳುವ ಹೆಣ್ಣುಹೂವಿಗೆ ಗಂಡುಹೂವಿನ ಪರಾಗ ಹೊತ್ತು ತರುವುದೇ ಸಂಜೀ ಹುಳ, ಅದು ಬರದಿದ್ದರೆ ಮಿಡಿ ನಿಲ್ಲುವುದಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವಾಗ ರೆಸ್ಟೋರೆಂಟಿಗೆ ಹೋಗಿ, ಕಸ ಗುಡಿಸುತ್ತಿದ್ದವಳಿಗೆ ಹೇಳಿ ಒಂದು ಪೆಟ್ಟಿಗೆಯ ಕೆಳಗಿನ ತಟ್ಟೆ ಇಳಿಸಿದೆ. ಸುಟ್ಟ ರೆಕ್ಕೆಗಳ ರಾಶಿ. ಪತಂಗ, ದುಂಬಿ, ರೆಕ್ಕೆ ಬಂದ ಗೆದ್ದಲು, ಬೆಳೆಗೆ ಹತ್ತುವ ಹೇನು ತಿಂದು ಬದುಕುವ ತೆಳುರೆಕ್ಕೆಯ ಹಸಿರು ಹುಳ. ಪೆನ್ನಿನ ತುದಿಯಿಂದ ಕೆದಕಿ ಕೆದಕಿ ಹುಡುಕಿದೆ. ಸೊಳ್ಳೆ ಎಲ್ಲೋ ಒಂದು, ಎಲ್ಲೋ ಇನ್ನೊಂದು. ಸೊಳ್ಳೆ ಬರುವುದು ನಮ್ಮ ಉಸಿರಿಗೆ, ಮೈಯ ಬಿಸಿಗೆ, ಬೆವರಿನ ವಾಸನೆಗೆ. ದೀಪದ ಗೊಡವೆ ಅದಕ್ಕೆ ಅಷ್ಟಾಗಿ ಇಲ್ಲ. ಕಚ್ಚುವ ಸೊಳ್ಳೆಯೆಲ್ಲ ಮೇಜಿನ ಕೆಳಗೆ ಗಿರಾಕಿಗಳ ಕಾಲಿನ ಹತ್ತಿರ ಸುಖವಾಗಿತ್ತು. ಸತ್ತದ್ದೆಲ್ಲ ಯಾರನ್ನೂ ಕಚ್ಚದ ಹುಳ.

ಕಬ್ಬಿಗೆ ಹೊಡೆಯುವ ಔಷಧದ ಪಾಲೂ ಇದರಲ್ಲಿ ಇದ್ದಿರಬಹುದು. ಇಲ್ಲವೆಂದು ನಾನು ಹೇಳಲಾರೆ. ಆದರೆ ದೀಪ ಆರಿದಾಗ ಕಾಯಿ ನಿಂತದ್ದು ನಮ್ಮ ಕಣ್ಣಮುಂದೆಯೇ ನಡೆದಿತ್ತು.

ಮಾಲೀಕನನ್ನು ಕಂಡು ಎಲ್ಲ ಬಿಡಿಸಿ ಹೇಳಿದೆ. ತಟ್ಟೆ ತಂದು ಮೇಜಿನ ಮೇಲಿಟ್ಟು ತೋರಿಸಿದೆ. ಆ ಬೇಲಿಯ ಕಡೆಯವನ್ನಾದರೂ ತೆಗೆಯಿರಿ, ಅವುಗಳ ಬದಲು ಮೇಜಿನ ಹತ್ತಿರ ಫ್ಯಾನ್ ಹಾಕಿಸಿರಿ, ಗಾಳಿಗೆ ಸೊಳ್ಳೆ ನಿಲ್ಲುವುದಿಲ್ಲ, ನಿಂತ ನೀರಿಗೆ ಮಣ್ಣು ಹಾಕಿಸಿರಿ ಎಂದೆ. ಅವನು ಸಮಾಧಾನದಿಂದಲೇ ಕೇಳಿದ.

“ಖರೆ ಇರಬಹುದ್ರಿ ಅಕ್ಕಾರ. ಆದ್ರ ಗಿರಾಕಿಗೆ ಚಟ್ ಅನ್ನೂದು ಕೇಳಬೇಕ್ರಿ. ಅದು ಕೇಳಿದ್ರ ಸೊಳ್ಳಿ ಸತ್ತಂಗ ಅವರಿಗೆ. ಫ್ಯಾನ್ ಹಚ್ಚಿದ್ರ ಯಾರಿಗ್ ತಿಳಿತೈತಿ?”

“ಆ ಹೆಣ್ಮಗಳ ಹೆಸರು ಕೆಡಾಕತ್ತೇತಿ ಊರಾಗ. ಅದಾದ್ರೂ ನೋಡ್ರಿ,” ಎಂದೆ.

ಅವನು ತಟ್ಟೆಯನ್ನು ನನ್ನ ಕಡೆಗೆ ಸರಿಸಿದ. ಆಮೇಲೆ ದನಿ ತಗ್ಗಿಸಿ, “ನೀವು ಸಾಲಿ ಕಲಿಸೂವ್ರು, ಇದನ್ನ ನಂಬೂದಿಲ್ಲ. ಊರವ್ರು ಆಕಿ ಕೈ ಬಗ್ಗೆ ಏನ್ ಅಂತಾರ ನಿಮಗೂ ಗೊತ್ತೈತಿ. ಅದಕ್ಕ ನನ್ನ ದೀಪ ಏನ್ ಮಾಡ್ತಾವ್ರಿ?” ಎಂದ.

ಆ ಮಾತು ಅವನ ಬಾಯಿಂದ ಬಂದದ್ದು ನನಗೆ ಇವತ್ತಿಗೂ ಕಹಿ. ಅವನು ಅದನ್ನು ನಂಬಿರಲಿಲ್ಲ. ಅವನಿಗೆ ಅನುಕೂಲವಾಗಿತ್ತು, ಎತ್ತಿಕೊಂಡ. ಊರಿನವರಿಗೂ ಹೇಳಿದೆ. ಶಾಲೆಯ ಹುಡುಗಿಯರ ಮುಂದೆ ಪಾಠ ಮಾಡಿದೆ, ಅವರ ಅವ್ವಂದಿರಿಗೆ ಹೇಳಿದೆ, ನಳದ ಕಟ್ಟೆಯಲ್ಲಿ ನಿಂತು ಹೇಳಿದೆ. ಎಲ್ಲರೂ ತಲೆಯಾಡಿಸಿದರು. “ಅಕ್ಕಾರು ಹೇಳೂದು ಬರೋಬ್ಬರಿ ಐತಿ” ಎಂದರು. ಮುಂದಿನ ಕುಬಸಕ್ಕೂ ದೊಡ್ಡವ್ವನನ್ನು ಕರೆಯಲಿಲ್ಲ. ದೀಪದ ಮೇಲೆ ತಪ್ಪು ಹೊರಿಸಿದರೆ ಅವರಿಗೆ ಸಿಗುವುದೇನು? ದೀಪ ಯಾರಿಗೂ ತಲೆ ತಗ್ಗಿಸಿ ಒಳಗೆ ಹೋಗಿ ಕೂರುವುದಿಲ್ಲ.

ದೊಡ್ಡವ್ವನಿಗೆ ಕೈಯಿಂದ ಪರಾಗ ಹಾಯಿಸುವುದನ್ನು ತೋರಿಸಿಕೊಟ್ಟೆ. ಉದ್ದ ತೊಟ್ಟಿನ ಗಂಡುಹೂವನ್ನು ಕಿತ್ತು, ದಳ ಸುಲಿದು, ನಡುವಿನ ಹಳದಿ ಹುಡಿಯನ್ನು ಮಿಡಿಯಿರುವ ಹೆಣ್ಣುಹೂವಿಗೆ ಸವರುವುದು. ಸಂಜೆ ಹೂ ಅರಳಿದ ಮೇಲೆ ಮಾಡಬೇಕು. ಆಕೆ ಬೇಗನೆ ಕಲಿತಳು. “ಹುಳದ ಕೆಲಸ ನನಗ ಹಚ್ಚಿದಿ,” ಎಂದು ನಕ್ಕಳು, ಬಹಳ ದಿನದ ಮೇಲೆ. ಆ ಸಲ ಕಾಯಿ ಹಿಡಿದವು. ಮೊದಲಿನಷ್ಟಲ್ಲದಿದ್ದರೂ ಹಂದರ ತೂಗುವಷ್ಟು ಹಿಡಿದವು. ದೊಡ್ಡಪ್ಪ ಕಾಯಿಗಳನ್ನು ಕೊಯ್ದು ಓಣಿಯ ಮನೆಮನೆಗೆ ತಾನೇ ಹೊತ್ತು ಕೊಟ್ಟು ಬಂದ. ಹೆಂಡತಿಯ ಹೆಸರು ಹಾಗೆಯಾದರೂ ಮರಳಿ ಬರಲಿ ಎಂದು ಅವನ ಆಸೆ.

ಕಾಯಿ ಇಸಿದುಕೊಂಡವರು ಅಡುಗೆ ಮಾಡಲಿಲ್ಲ. ಮರುದಿನ ನಮ್ಮ ಓಣಿಯ ತಿಪ್ಪೆಯಲ್ಲಿ ಹಾಲಗುಂಬಳಗಳು ಬಿದ್ದಿದ್ದವು. ಎಳೆಯವು, ಉಗುರು ಹಚ್ಚಿದರೆ ಹಾಲು ಬರುವಂಥವು. ಮಬ್ಬುಗತ್ತಲಲ್ಲಿ ಒಬ್ಬಳೇ ಹಂದರದೊಳಗೆ ನಿಂತು ಹೂವಿಗೆ ಹೂವು ತಾಗಿಸುವುದನ್ನು ಬೇಲಿಯಾಚೆಯಿಂದ ಯಾರೋ ಕಂಡಿದ್ದರಂತೆ. ಆಕೆ ಏನೋ ಮಾಡಿಸುತ್ತಿದ್ದಾಳೆ ಎಂದು ಹಬ್ಬಿತ್ತು. ಕಾಯಿ ಬಿಡದಿದ್ದಾಗ ಕೈ ಕೆಟ್ಟಿದೆ ಎಂದವರು, ಕಾಯಿ ಬಿಟ್ಟಾಗ ಕೈಯಲ್ಲಿ ಮಾಟ ಇದೆ ಎಂದರು. ಎರಡರ ನಡುವೆ ಆಕೆ ಎಲ್ಲಿ ನಿಲ್ಲಬೇಕಿತ್ತು?

ತಿಪ್ಪೆಯನ್ನು ದೊಡ್ಡವ್ವನೇ ಮೊದಲು ನೋಡಿದ್ದು. ನಾನು ಎದ್ದು ಬರುವಷ್ಟರಲ್ಲಿ ಕಾಯಿಗಳನ್ನು ಆರಿಸಿ ತಂದು, ತೊಳೆದು, ಆಕಳಿಗೆ ಹೆಚ್ಚಿ ಹಾಕುತ್ತಿದ್ದಳು. “ದನಕ್ಕ ಏನೂ ಆಗೂದಿಲ್ಲ ತಂಗಿ, ನೋಡಾಕತ್ತೇನಿ,” ಎಂದಳು. ನೋಡುತ್ತಿದ್ದೇನೆ ಎಂದಳು... ಆಕಳಿಗೆ ಏನಾದರೂ ಆಗುತ್ತದೋ ಎಂದು ಆಕೆ ನಿಜವಾಗಿಯೂ ನೋಡುತ್ತಿದ್ದಳು. ಆ ಮಾತಿನ ಅರ್ಥ ನನಗೆ ಆಗ ಪೂರಾ ಇಳಿಯಲಿಲ್ಲ.

ಅದೇ ವಾರ ಬಳ್ಳಿಯ ಬುಡ ಕಿತ್ತಳು. ಗೂಟ ಕಿತ್ತು ಒಲೆಗೆ ಹಾಕಿದಳು. ಆ ತುಂಡು ನೆಲವನ್ನು ಪಕ್ಕದ ಹೊಲದವನು ಕೋರಿಗೆ, ಅಂದರೆ ಪಾಲಿಗೆ, ಹಿಡಿದು ಕಬ್ಬು ಹಚ್ಚಿದ. ಮುಂದಿನ ವರ್ಷ ದೊಡ್ಡಪ್ಪ ಮಗ್ಗದ ಮುಂದೆಯೇ ಎದೆ ಹಿಡಿದುಕೊಂಡು ಕುಸಿದು ಹೋದ. ದೊಡ್ಡವ್ವನಿಗೆ ಗಟ್ಟಿಯಾಗಿ ಮಾತಾಡಬೇಕಾದ ಕಾರಣವೇ ಹೋಯಿತು. ಮುಧೋಳದಿಂದ ಆಕೆಯ ತಂಗಿಯ ಮಗಳು ಬಂದು ಕರೆದುಕೊಂಡು ಹೋದಳು. ಗಾಡಿ ಹತ್ತುವಾಗ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ಕಣ್ಣು ಒರೆಸಿಕೊಂಡವರೂ ಇದ್ದರು. ಆ ಕಣ್ಣೀರು ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಇನ್ನೂ ಕಹಿ.

ಮುಧೋಳಕ್ಕೆ ಹೋದಾಗಲೆಲ್ಲ ನಾನು ಆಕೆಯನ್ನು ಕಂಡು ಬರುತ್ತಿದ್ದೆ. ತಂಗಿಯ ಮಗಳ ಮನೆ ಊರಿನ ಹೊರಗೆ, ಹಿಂದೆ ಒಳ್ಳೆಯ ಹಿತ್ತಲು, ಎರೆ ಮಣ್ಣು, ನೀರಿಗೂ ಕೊರತೆಯಿರಲಿಲ್ಲ. ಸುತ್ತಮುತ್ತ ಎಲ್ಲೂ ನೀಲಿ ದೀಪ ಇರಲಿಲ್ಲ. ಏನಾದರೂ ಹಚ್ಚು ದೊಡ್ಡವ್ವ ಎಂದರೆ, “ಇನ್ನ ಯಾಕಬೇ,” ಎಂದು ಬೇರೆ ಮಾತಿಗೆ ಹೋಗುತ್ತಿದ್ದಳು. ಸಣ್ಣ ದನಿ. ಕಿವಿಯಿಟ್ಟು ಕೇಳಬೇಕಾಗುತ್ತಿತ್ತು. ಹಿತ್ತಲಲ್ಲಿ ಕರಿಬೇವಿನ ಎಲೆ ಬೇಕಾದರೂ ತಂಗಿಯ ಮಗಳನ್ನೇ ಕಳಿಸುತ್ತಿದ್ದಳು, ತಾನು ಗಿಡ ಮುಟ್ಟುತ್ತಿರಲಿಲ್ಲ. ದೀಪ, ಹುಳ, ಪರಾಗ ಎಲ್ಲ ಆಕೆಗೆ ಗೊತ್ತಿತ್ತು. ನಾನೇ ಬಿಡಿಸಿ ಹೇಳಿದ್ದೆ, ಆಕೆ ಕಣ್ಣಾರೆ ಕಂಡಿದ್ದಳು. ಗೊತ್ತಿದ್ದರೂ ಊರಿನ ಮಾತು ಒಳಗೆ ಇಳಿದು ಬೇರು ಬಿಟ್ಟಿತ್ತು.

ಕೊನೆಗೆ ಒಂದು ಬೆಳಿಗ್ಗೆ, ದೊಡ್ಡವ್ವ ಹೋದಳೆಂದು ಫೋನು ಬಂತು. ನಾನು ಆಗಲೇ ಜಮಖಂಡಿಗೆ ವರ್ಗವಾಗಿ ಬಂದಿದ್ದೆ. ಹಳ್ಳಿಗೆ ಸುದ್ದಿ ತಿಳಿಸಿದೆ. ಆಕೆಯ ಮಣ್ಣಿಗೆ ಆ ಓಣಿಯಿಂದ ಹೋದವಳು ಎಂದರೆ ಓಣಿ ಬಿಟ್ಟು ಬಂದಿದ್ದ ನಾನೊಬ್ಬಳೇ.

ಎಲ್ಲ ಮುಗಿದ ಮೇಲೆ ತಂಗಿಯ ಮಗಳು ನನ್ನ ಪಕ್ಕ ಬಂದು ಕೂತಳು. ತೊಡೆಯ ಮೇಲೆ ಅವಳದೇ ಕೂಸು. ದೊಡ್ಡವ್ವ ಅವರ ಮನೆಯಲ್ಲಿರುವಾಗಲೇ ಹುಟ್ಟಿದ ಹೆಣ್ಣುಕೂಸು.

“ಒಂದ್ ದಿನಾನೂ ಎತ್ಕೊಳ್ಳಲಿಲ್ರಿ ಅಕ್ಕಾರ,” ಎಂದಳು. “ತೊಟ್ಲ ಹತ್ರ ಕುಂತು ನೋಡ್ತಿದ್ಲು. ಅತ್ರ ನನ್ನ ಕರೀತಿದ್ಲು. ಒಮ್ಮೆ ನಾನ ಸಿಟ್ಟಿಗೆದ್ದು ತೊಡಿ ಮ್ಯಾಲ ಹಾಕಾಕ ಹೋದ್ನಿ. ಎರಡೂ ಕೈ ಹಿಂದ ಕಟ್ಕೊಂಡು, ಬ್ಯಾಡವಾ, ಇದು ಚಿಗರು ಐತಿ, ನನ್ನ ಕೈ ಹತ್ತೂದು ಬ್ಯಾಡ ಅಂದ್ಲು...”

ನಾನು ಆ ಕೂಸನ್ನು ಎತ್ತಿಕೊಂಡೆ.

ಆ ರೆಸ್ಟೋರೆಂಟ್ ಈಗಲೂ ಚೆನ್ನಾಗಿ ನಡೆಯುತ್ತಿದೆ, ಮಾಲೀಕ ದಾರಿಯಲ್ಲಿ ಕಂಡರೆ ಕೈಮುಗಿಯುತ್ತಾನೆ. ದೊಡ್ಡ ಮನೆಯ ಮೊಮ್ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಮುಧೋಳದ ಆ ಹುಡುಗಿ ಈಗ ನಡೆಯುತ್ತಾಳೆ, ಓಡುತ್ತಾಳೆ, ಹೋದಾಗಲೆಲ್ಲ ನನ್ನ ಚೀಲ ಕಿತ್ತುಕೊಂಡು ಒಳಗೇನಿದೆ ಎಂದು ಹುಡುಕುತ್ತಾಳೆ. ಅವಳಿಗೆ ದೊಡ್ಡವ್ವನ ಮುಖ ನೆನಪಿಲ್ಲ. ಆ ಕೈ ಹೇಗಿತ್ತು ಎಂದು ತಿಳಿಯುವಷ್ಟು ಸಲುಗೆ ಅವಳಿಗೆ ಸಿಗಲೇ ಇಲ್ಲ.